ಡವ್‌ಕಾಟ್ 2.4ಕ್ಕೆ ಏರಿಸಿದ ಮೇಲೆ ಕ್ರ್ಯಾಶ್: ಏನು ನೋಡಬೇಕು, ಏನು ಮುಟ್ಟಬಾರದು

ಡೆಬಿಯನ್ ಲಿನಕ್ಸ್ 12ರಲ್ಲಿ ತಕರಾರಿಲ್ಲದೆ ಓಡುತ್ತಿದ್ದ ಮೇಲ್ ಸರ್ವರನ್ನು 13ಕ್ಕೆ ಏರಿಸುತ್ತೀರಿ. ಸರ್ವರ್ ಬೂಟ್ ಆಗುತ್ತದೆ, ಮೇಲ್ ಮಾತ್ರ ಬರುವುದಿಲ್ಲ. ಇಲ್ಲವೇ ಬರುತ್ತದೆ, ಆದರೆ ಯಾರೋ ಒಬ್ಬರು ಲಾಗಿನ್ ಆದ ತಕ್ಷಣ ಸಂಪರ್ಕ ಕಡಿದುಹೋಗುತ್ತದೆ. ಇದರ ಹಿಂದೆ ಹೆಚ್ಚಾಗಿ ಇರುವುದು ಡವ್‌ಕಾಟ್, ಅಂದರೆ ಮೇಲ್‌ಬಾಕ್ಸ್ ನೋಡಿಕೊಂಡು ಮೇಲನ್ನು ಬಳಕೆದಾರರಿಗೆ ಕೊಡುವ ಪ್ರೋಗ್ರಾಂ. ಡೆಬಿಯನ್ 12ರಲ್ಲಿ ಇದ್ದದ್ದು ಡವ್‌ಕಾಟ್ 2.3.19, 2025ರ ಆಗಸ್ಟ್‌ನಲ್ಲಿ ಬಂದ 13ರಲ್ಲಿ ಇರುವುದು 2.4.1. 2.3 ಹೊರಬಂದದ್ದು 2017ರ ಡಿಸೆಂಬರ್‌ನಲ್ಲಿ, 2.4 ಬಂದದ್ದು 2025ರ ಜನವರಿಯಲ್ಲಿ. ಏಳು ವರ್ಷದ ಬದಲಾವಣೆ ಒಂದೇ ರಾತ್ರಿಯಲ್ಲಿ ಮೈಮೇಲೆ ಬೀಳುತ್ತದೆ.

ಮೇಲ್ ತೆಗೆದುಕೊಳ್ಳುವ, ಕಳಿಸುವ ಪೋಸ್ಟ್‌ಫಿಕ್ಸ್ ಜೊತೆ ಡವ್‌ಕಾಟ್ ಇಟ್ಟುಕೊಂಡು ಸಣ್ಣ ಆಫೀಸು, ಕಾಲೇಜು, ಸೊಸೈಟಿಗಳ ಮೇಲ್ ನೋಡಿಕೊಳ್ಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸೆಟ್ಟಿಂಗ್‌ಗಳ ಹೆಸರನ್ನು ನಾವು ಬಾಯಲ್ಲಿ ಹೇಳುವ ಹಾಗೇ ಕೊಟ್ಟಿದ್ದೇನೆ. ಫೈಲಿನಲ್ಲಿ ಪದಗಳ ನಡುವೆ ಅಂಡರ್‌ಸ್ಕೋರ್ ಬರುತ್ತದೆ.

ಯಾವ ಪ್ರಾಸೆಸ್ ಸತ್ತಿತು, ಹೇಗೆ ಸತ್ತಿತು ಎಂದು ಗೊತ್ತಾಗುವ ತನಕ ಏನನ್ನೂ ಅಳಿಸಬೇಡಿ. ಕ್ರ್ಯಾಶ್ ಆಯಿತು ಎಂಬ ಕಾರಣಕ್ಕೇ ಮೇಲ್ ಕಳೆದುಹೋಗುವುದು ಅಪರೂಪ. ಗಾಬರಿಯಲ್ಲಿ ಫೈಲ್ ಅಳಿಸಿದಾಗ ಆಗುವ ನಷ್ಟವೇ ದೊಡ್ಡದು.

ಮೊದಲು ಬರುವ ಮೇಲ್ ಉಳಿಸಿಕೊಳ್ಳಿ

ಡವ್‌ಕಾಟ್ ಬಿದ್ದಿದ್ದರೂ ಪೋಸ್ಟ್‌ಫಿಕ್ಸ್ ಮೇಲ್ ತೆಗೆದುಕೊಂಡು ಕ್ಯೂನಲ್ಲಿ ಇಟ್ಟುಕೊಳ್ಳುತ್ತದೆ. ಮೇಲನ್ನು ಡವ್‌ಕಾಟ್‌ಗೆ ದಾಟಿಸುವ ಎಲ್‌ಎಂಟಿಪಿ ಸಾಕೆಟ್ ಸಿಗದಿದ್ದರೆ ‘ಡಿಫರ್ಡ್’ ಎಂದು ಬರೆದು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಸೆಟ್ಟಿಂಗ್ ಮುಟ್ಟಿಲ್ಲದಿದ್ದರೆ ಐದು ದಿನ ಕಾಯುತ್ತದೆ. ಪೋಸ್ಟ್‌ಫಿಕ್ಸ್ ಕೂಡ ನಿಂತಿದ್ದರೆ ಕಳಿಸುವ ಕಡೆಯ ಸರ್ವರ್ ಕಾಯುತ್ತದೆ. ಅದೂ ನಾಲ್ಕೈದು ದಿನ ಪ್ರಯತ್ನಿಸಬೇಕು ಎಂದೇ ಸರ್ವರ್‌ಗಳ ನಡುವೆ ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮ ಹೇಳುತ್ತದೆ. ಅಂದರೆ ನಿಮಗೆ ಸಮಯ ಇದೆ. ಫೋನ್ ಮೇಲೆ ಫೋನ್ ಬರುತ್ತಿರುವಾಗ ಇದನ್ನು ನೆನಪಿಟ್ಟುಕೊಳ್ಳುವುದು ಕಷ್ಟ, ಆದರೂ ನೆನಪಿಡಿ.

ಅಪಾಯ ಇರುವುದು ಬೌನ್ಸ್‌ನಲ್ಲಿ. ಅರೆಬರೆ ಕೆಲಸ ಮಾಡುವ ಸರ್ವರ್ ‘ಈ ಹೆಸರಿನವರು ಇಲ್ಲಿಲ್ಲ’ ಎಂದು ಉತ್ತರ ಕೊಟ್ಟುಬಿಟ್ಟರೆ ಮೇಲ್ ವಾಪಸ್ ಹೋಗುತ್ತದೆ. ಆದ್ದರಿಂದ ಕೆಲಸ ಶುರು ಮಾಡುವ ಮುಂಚೆಯೇ ಪೋಸ್ಟ್‌ಫಿಕ್ಸ್‌ನಲ್ಲಿ ‘ಸಾಫ್ಟ್ ಬೌನ್ಸ್’ ಅನ್ನು ‘ಯೆಸ್’ ಮಾಡಿ ರೀಲೋಡ್ ಮಾಡಿ. ಆಗ 5ರಿಂದ ಶುರುವಾಗುವ ಖಾಯಂ ನಿರಾಕರಣೆಗಳೆಲ್ಲ 4ರಿಂದ ಶುರುವಾಗುವ ತಾತ್ಕಾಲಿಕ ಉತ್ತರಗಳಾಗುತ್ತವೆ. ಕ್ಯೂ ಉದ್ದ ಬೆಳೆದದ್ದು ಕಂಡು ಅದನ್ನು ಖಾಲಿ ಮಾಡಲು ಹೋಗಬೇಡಿ. ಅಲ್ಲಿರುವುದು ಜನರ ಮೇಲ್.

ಸತ್ತದ್ದು ಯಾರು?

ಇಲ್ಲಿ ಒಂದು ಮೋಸ ಇದೆ. ಲಾಗ್ ತೆರೆದರೆ ಪೋಸ್ಟ್‌ಫಿಕ್ಸ್‌ನಲ್ಲಿ ಮೇಲ್ ತೆಗೆದುಕೊಳ್ಳುವ ಎಸ್‌ಎಂಟಿಪಿಡಿ ಸಾಯುತ್ತಿರುವುದು ಕಾಣುತ್ತದೆ. ‘ಬ್ಯಾಡ್ ಕಮಾಂಡ್ ಸ್ಟಾರ್ಟಪ್, ಥ್ರಾಟ್ಲಿಂಗ್’ ಎಂಬ ಸಾಲು ಮತ್ತೆ ಮತ್ತೆ ಬರುತ್ತದೆ. ನೋಡಿದವರು ಪೋಸ್ಟ್‌ಫಿಕ್ಸ್ ಕೆಟ್ಟಿದೆ ಎಂದು ಅದನ್ನೇ ಕೆದಕುತ್ತಾ ಕೂರುತ್ತಾರೆ. ಎರಡು ಸಾಲು ಮೇಲೆ ನೋಡಿ. ‘ನೋ ಎಸ್‌ಎಎಸ್‌ಎಲ್ ಅಥೆಂಟಿಕೇಷನ್ ಮೆಕ್ಯಾನಿಸಂಸ್’ ಎಂದಿದ್ದರೆ ಪೋಸ್ಟ್‌ಫಿಕ್ಸ್ ಸರಿಯಾಗಿಯೇ ಇದೆ. ಪಾಸ್‌ವರ್ಡ್ ಪರೀಕ್ಷೆಗೆ ಅದು ಡವ್‌ಕಾಟ್‌ನ ಆಥ್ ಸಾಕೆಟ್ ಹುಡುಕಿತು, ಅದು ಸಿಗಲಿಲ್ಲ, ಹಾಗಾಗಿ ನಿಂತಿತು. ಡವ್‌ಕಾಟ್ ಎದ್ದರೆ ಇದು ತಾನಾಗಿಯೇ ಸರಿಹೋಗುತ್ತದೆ.

ಡವ್‌ಕಾಟ್ ಒಂದೇ ಪ್ರೋಗ್ರಾಂ ಅಲ್ಲ. ಮೇಲೆ ಮಾಸ್ಟರ್, ಅದರ ಕೆಳಗೆ ಆಥ್ (ಪಾಸ್‌ವರ್ಡ್ ಪರೀಕ್ಷೆ), ಲಾಗಿನ್, ಐಮ್ಯಾಪ್ (ಬಳಕೆದಾರರಿಗೆ ಮೇಲ್ ತೋರಿಸುವುದು), ಎಲ್‌ಎಂಟಿಪಿ ಎಂದು ಬೇರೆ ಬೇರೆ ಪ್ರಾಸೆಸ್‌ಗಳಿವೆ. ಒಂದು ಸತ್ತರೆ ಉಳಿದವು ಬದುಕಿರುತ್ತವೆ. ಆದ್ದರಿಂದ ಮಾಸ್ಟರ್ ಬರೆದ ಸಾಲನ್ನು ಹುಡುಕಿ. ಅದು ಹೀಗಿರುತ್ತದೆ:

ಮಾಸ್ಟರ್: ಸರ್ವಿಸ್(ಐಮ್ಯಾಪ್): ಚೈಲ್ಡ್ 4821 ಕಿಲ್ಡ್ ವಿತ್ ಸಿಗ್ನಲ್ 11

ಬ್ರಾಕೆಟ್‌ನಲ್ಲಿರುವುದು ಯಾರು ಸತ್ತರು ಎಂಬುದು. ಕೊನೆಯ ಸಂಖ್ಯೆ ಹೇಗೆ ಸತ್ತರು ಎಂಬುದು. ಅರ್ಧ ರೋಗನಿರ್ಣಯ ಈ ಒಂದೇ ಸಾಲಿನಲ್ಲಿ ಮುಗಿಯುತ್ತದೆ.

ಸಿಗ್ನಲ್ 6 ಎಂದರೆ ಡವ್‌ಕಾಟ್ ತಾನಾಗಿಯೇ ನಿಂತಿದೆ. ಒಳಗಿನ ಲೆಕ್ಕ ತಾಳೆಯಾಗಲಿಲ್ಲ, ಮುಂದೆ ಹೋದರೆ ಡೇಟಾ ಕೆಡಬಹುದು ಎಂದು ಕೈಬಿಟ್ಟಿದೆ. ಅದಕ್ಕೆ ಮುಂಚಿನ ಸಾಲಿನಲ್ಲಿ ‘ಪ್ಯಾನಿಕ್’ ಎಂಬ ಪದ, ಸೋರ್ಸ್ ಫೈಲಿನ ಹೆಸರು, ಸಾಲಿನ ಸಂಖ್ಯೆ ಇರುತ್ತವೆ. ಸಿಗ್ನಲ್ 11 ಎಂದರೆ ತನ್ನದಲ್ಲದ ಮೆಮೊರಿಗೆ ಕೈ ಹಾಕಿ ಬಿದ್ದಿದೆ. ಸಿಗ್ನಲ್ 9 ಎಂದರೆ ಹೊರಗಿನವರು ಕೊಂದಿದ್ದಾರೆ. ಹೆಚ್ಚಾಗಿ ರ್ಯಾಮ್ ಮುಗಿದು ಕರ್ನಲ್ಲೇ ಕೊಂದಿರುತ್ತದೆ. ಸಿಗ್ನಲ್ ಬದಲು ‘ಎರರ್ 83’ ಎಂದಿದ್ದರೆ ಡವ್‌ಕಾಟ್ ತನಗೆ ತಾನೇ ಹಾಕಿಕೊಂಡ ಮೆಮೊರಿ ಮಿತಿ ದಾಟಿದೆ. ‘ಎರರ್ 89’ ಎಂದಿದ್ದರೆ ಅದು ಕ್ರ್ಯಾಶ್ ಅಲ್ಲ, ದೂರು ಹೇಳಿ ಹೊರಗೆ ಬಂದದ್ದು. ದೂರು ಅದರ ಮೇಲಿನ ಸಾಲಿನಲ್ಲಿದೆ.

ಇತ್ತೀಚಿನ ದೂರುಗಳನ್ನು ‘ಡವ್ಅಡ್ಮ್ ಲಾಗ್ ಎರರ್ಸ್’ ಒಂದೇ ಕಡೆ ತೋರಿಸುತ್ತದೆ. ಡವ್ಅಡ್ಮ್ ಎಂದರೆ ಡವ್‌ಕಾಟ್ ನೋಡಿಕೊಳ್ಳುವ ಕಮಾಂಡ್. ಲಾಗ್ ಎಲ್ಲಿ ಬೀಳುತ್ತಿದೆ ಎಂದೇ ಗೊತ್ತಿಲ್ಲದಿದ್ದರೆ ‘ಡವ್ಅಡ್ಮ್ ಲಾಗ್ ಫೈಂಡ್’.

ಏಳುವುದೇ ಇಲ್ಲ ಅಂದರೆ

ಇದು ಕ್ರ್ಯಾಶ್ ಅಲ್ಲ, ಕಾನ್ಫಿಗ್ ಜಗಳ. 2.4ಕ್ಕೆ 2.3ರ ಕಾನ್ಫಿಗ್ ಅರ್ಥವಾಗುವುದಿಲ್ಲ. ಫೈಲಿನ ಮೊದಲ ಸೆಟ್ಟಿಂಗೇ ‘ಡವ್‌ಕಾಟ್ ಕಾನ್ಫಿಗ್ ವರ್ಷನ್’ ಆಗಿರಬೇಕು. ಜೊತೆಗೆ ‘ಡವ್‌ಕಾಟ್ ಸ್ಟೋರೇಜ್ ವರ್ಷನ್’ ಕೂಡ ಬೇಕು. ಹಳೆಯ ‘ಮೇಲ್ ಲೊಕೇಶನ್’ ಈಗ ಒಡೆದು ‘ಮೇಲ್ ಡ್ರೈವರ್’, ‘ಮೇಲ್ ಪಾತ್’ ಎಂದು ಬೇರೆ ಬೇರೆಯಾಗಿದೆ. ಸರ್ಟಿಫಿಕೇಟ್, ಕೀ ಸೆಟ್ಟಿಂಗ್‌ಗಳ ಹೆಸರೂ ಬದಲಾಗಿದೆ. ಶೇಕಡಾ ಗುರುತಿನ ಮುಂದೆ ಒಂದೇ ಅಕ್ಷರ ಬರೆಯುತ್ತಿದ್ದ ವೇರಿಯಬಲ್‌ಗಳೂ ಹೋದವು. ಬಳಕೆದಾರರ ಹೆಸರು ಈಗ ಪುಷ್ಪಾವರಣದೊಳಗೆ ಪೂರ್ತಿ ಪದವಾಗಿ ಬರಬೇಕು. ಎರಡು ಸರ್ವರ್‌ಗಳ ನಡುವೆ ಮೇಲ್ ಸಮ ಮಾಡುತ್ತಿದ್ದ ರೆಪ್ಲಿಕೇಶನ್, ಹಳೆಯ ಲ್ಯೂಸೀನ್ ಹುಡುಕಾಟದ ಪ್ಲಗಿನ್ ಎರಡೂ 2.4ರಲ್ಲಿ ಇಲ್ಲವೇ ಇಲ್ಲ. ಇವುಗಳನ್ನು ನಂಬಿಕೊಂಡವರು ಏರಿಸುವ ಮುಂಚೆಯೇ ಬೇರೆ ದಾರಿ ನೋಡಿಕೊಂಡಿರಬೇಕು.

ಹಳೆಯ ಫೈಲನ್ನು ಒಂದೊಂದೇ ದೂರಿಗೆ ತಕ್ಕಂತೆ ತಿದ್ದುತ್ತಾ ಹೋಗುವುದು ನನಗೆ ಸರಿ ಕಾಣುವುದಿಲ್ಲ. 2.3 ಇನ್ನೂ ಇರುವಾಗಲೇ ‘ಡವ್‌ಕಾನ್ಫ್ -ಎನ್’ (ಚಿಕ್ಕ ಎನ್) ಓಡಿಸಿ ಅದರ ಫಲಿತಾಂಶ ಉಳಿಸಿಕೊಳ್ಳಿ. ನೀವು ನಿಜವಾಗಿ ಬದಲಿಸಿದ ಸೆಟ್ಟಿಂಗ್‌ಗಳಷ್ಟೇ ಅದರಲ್ಲಿರುತ್ತವೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಹೊಸ ಫೈಲನ್ನು ಖಾಲಿಯಿಂದ ಬರೆಯಿರಿ. ಬರೆದ ಮೇಲೆ ‘ಡವ್ಅಡ್ಮ್ ಯೂಸರ್’ ಜೊತೆ ಒಬ್ಬರ ವಿಳಾಸ ಕೊಟ್ಟು ಹೋಮ್ ಫೋಲ್ಡರ್ ಹಳೆಯದೇ ಬರುತ್ತಿದೆಯೇ ನೋಡಿ. ಇದನ್ನು ಬಿಡಬೇಡಿ. ದಾರಿ ಒಂದಕ್ಷರ ತಪ್ಪಿದರೂ ಡವ್‌ಕಾಟ್ ದೂರು ಹೇಳದೆ ಹೊಸ ಖಾಲಿ ಮೇಲ್‌ಬಾಕ್ಸ್ ಮಾಡಿಕೊಡುತ್ತದೆ. ನೋಡಿದವರಿಗೆ ‘ಮೇಲ್ ಎಲ್ಲ ಹೋಯ್ತು’ ಅನಿಸುತ್ತದೆ. ಮೇಲ್ ಪಕ್ಕದ ಫೋಲ್ಡರ್‌ನಲ್ಲಿ ಹಾಗೇ ಇರುತ್ತದೆ.

ಸ್ಟೋರೇಜ್ ವರ್ಷನ್ ಬಗ್ಗೆ ಒಂದು ಮಾತು. ಇಲ್ಲಿ ಬರೆಯುವ ಫೈಲ್‌ಗಳನ್ನು ಎಷ್ಟು ಹಳೆಯ ಡವ್‌ಕಾಟ್ ಓದಬಲ್ಲದಾಗಿರಬೇಕು ಎಂಬುದನ್ನು ಇದು ಹೇಳುತ್ತದೆ. ಹೊಸ ವ್ಯವಸ್ಥೆ ಸ್ಥಿರವಾಗಿದೆ ಎಂದು ನಂಬಿಕೆ ಬರುವ ತನಕ ಹಳೆಯ 2.3ರ ಸಂಖ್ಯೆಯನ್ನೇ ಇಡಿ. ಹಿಂದಕ್ಕೆ ಹೋಗುವ ಬಾಗಿಲು ತೆರೆದಿರುತ್ತದೆ.

ಹಳೆಯದು, ಹೊಸದು ಬೆರೆತಾಗ

‘ಡವ್‌ಕಾಟ್ ವರ್ಷನ್ ಮಿಸ್‌ಮ್ಯಾಚ್’ ಎಂಬ ದೂರು ಬಂದರೆ ಹಳೆಯ ಮಾಸ್ಟರ್ ಇನ್ನೂ ಓಡುತ್ತಿದೆ, ಅದರ ಕೆಳಗೆ ಹೊಸ ಪ್ರಾಸೆಸ್‌ಗಳು ಏಳುತ್ತಿವೆ ಎಂದರ್ಥ. ರೀಲೋಡ್ ಸಾಲದು. ಪೂರ್ತಿ ನಿಲ್ಲಿಸಿ, ಹಳೆಯ ಪ್ರಾಸೆಸ್ ಒಂದೂ ಉಳಿದಿಲ್ಲ ಎಂದು ನೋಡಿ, ಆಮೇಲೆ ಶುರು ಮಾಡಿ. ಆ ದೂರಿನ ಸಾಲಲ್ಲೇ ‘ಬೇಕಿಲ್ಲದಿದ್ದರೆ ವರ್ಷನ್ ಇಗ್ನೋರ್ ಹಾಕಿ’ ಎಂಬ ಸಲಹೆಯೂ ಇರುತ್ತದೆ. ದಯವಿಟ್ಟು ಹಾಕಬೇಡಿ. ಅದು ತಡೆಗೋಡೆಯನ್ನೇ ತೆಗೆಯುತ್ತದೆ. ಸ್ಪಷ್ಟವಾಗಿ ದೂರು ಹೇಳಿ ನಿಲ್ಲುತ್ತಿದ್ದದ್ದು ಆಮೇಲೆ ಎಲ್ಲೋ ನಡುವೆ ಸಿಗ್ನಲ್ 11 ಆಗಿ ಬೀಳುತ್ತದೆ. ಕಾರಣ ಹುಡುಕುವುದು ಎಷ್ಟೋ ಪಟ್ಟು ಕಷ್ಟವಾಗುತ್ತದೆ.

ಪ್ಲಗಿನ್‌ಗಳದ್ದೂ ಇದೇ ಕಥೆ. ಮೇಲನ್ನು ಫೋಲ್ಡರ್‌ಗಳಿಗೆ ವಿಂಗಡಿಸುವ ಡೆಬಿಯನ್‌ನದೇ ಸೀವ್ ಪ್ಯಾಕೇಜ್ ಡವ್‌ಕಾಟ್ ಜೊತೆಗೇ ಏರುತ್ತದೆ. ಯಾವತ್ತೋ ಕೈಯಿಂದ ಕಂಪೈಲ್ ಮಾಡಿ ಮಾಡ್ಯೂಲ್ ಫೋಲ್ಡರ್‌ಗೆ ಹಾಕಿದ ಪ್ಲಗಿನ್ ಏರುವುದಿಲ್ಲ. ಅಂಥದ್ದಿದ್ದರೆ ‘ಮಾಡ್ಯೂಲ್ ಈಸ್ ಫಾರ್ ಡಿಫರೆಂಟ್ ಎಬಿಐ ವರ್ಷನ್’, ಅಂದರೆ ಬೇರೆ ಆವೃತ್ತಿಗೆ ಕಟ್ಟಿದ ಮಾಡ್ಯೂಲ್ ಎಂದು ಬರುತ್ತದೆ. ಮಾಡ್ಯೂಲ್ ಫೋಲ್ಡರ್‌ನ ಪ್ರತಿ ಫೈಲೂ ಯಾವ ಪ್ಯಾಕೇಜಿನದ್ದು ಎಂದು ‘ಡಿಪಿಕೆಜಿ -ಎಸ್’ (ದೊಡ್ಡ ಎಸ್) ಕೊಟ್ಟು ಕೇಳಿ. ಯಾರಿಗೂ ಸೇರದ ಫೈಲ್ ಸಿಕ್ಕರೆ ಅದನ್ನು ಹೊರಗೆ ಸರಿಸಿ, ಕಾನ್ಫಿಗ್‌ನಿಂದಲೂ ತೆಗೆದು, ಹೊಸ ಆವೃತ್ತಿಗೆ ಮತ್ತೆ ಕಂಪೈಲ್ ಮಾಡಿ. ಡವ್‌ಕಾಟನ್ನೇ ಹಿಂದೊಮ್ಮೆ ಕೈಯಿಂದ ಹಾಕಿದ್ದರೆ ‘ಯೂಸರ್ ಲೋಕಲ್’ ಕೆಳಗೆ ಹಳೆಯ ಲೈಬ್ರರಿ ಉಳಿದಿರಬಹುದು. ಅದನ್ನೂ ನೋಡಿ.

ಒಬ್ಬರ ಮೇಲ್‌ಬಾಕ್ಸ್ ಮಾತ್ರ ಬಿದ್ದರೆ

ನಿಜವಾದ ಕ್ರ್ಯಾಶ್‌ಗಳಲ್ಲಿ ನಾನು ಹೆಚ್ಚು ಕಂಡಿರುವುದು ಇದೇ. ಇಲ್ಲೇ ಜಾಸ್ತಿ ತಾಳ್ಮೆಯೂ ಬೇಕು.

ಲಾಗ್ ತುಂಬಾ ಸಿಗ್ನಲ್ 6 ಕಂಡರೆ ಇಡೀ ಸರ್ವರ್ ಹೋಯಿತು ಅನಿಸುತ್ತದೆ. ಆದರೆ ಒಬ್ಬರ ಫೋನು, ಲ್ಯಾಪ್‌ಟಾಪು, ಆಫೀಸಿನ ಕಂಪ್ಯೂಟರ್ ಮೂರೂ ಸಂಪರ್ಕ ಕಡಿದ ತಕ್ಷಣ ಮತ್ತೆ ಲಾಗಿನ್ ಆಗುತ್ತವೆ. ಪ್ರತಿ ಲಾಗಿನ್‌ಗೆ ಒಂದು ಹೊಸ ಐಮ್ಯಾಪ್ ಪ್ರಾಸೆಸ್ ಹುಟ್ಟುತ್ತದೆ, ಸಾಯುತ್ತದೆ. ಒಂದು ಗಂಟೆಯಲ್ಲಿ ನೂರಾರು ಸಾಲು ಸೇರುತ್ತವೆ. ಪ್ಯಾನಿಕ್ ಸಾಲುಗಳಿಂದ ಬಳಕೆದಾರರ ಹೆಸರಷ್ಟೇ ತೆಗೆದು ಎಣಿಸಿ. ಹತ್ತು ಹೆಸರು ಬಂದರೆ ಸಮಸ್ಯೆ ಎಲ್ಲರದ್ದು. ಒಂದೇ ಹೆಸರು ಬಂದರೆ ಆ ಒಂದು ಪೆಟ್ಟಿಗೆಯದ್ದು.

ಒಬ್ಬರದ್ದೇ ಆಗಿದ್ದರೆ ಮೊದಲು ಅವರ ಇಡೀ ಮೇಲ್ ಫೋಲ್ಡರ್‌ನ ಪ್ರತಿ ತೆಗೆಯಿರಿ. ಮಾಲೀಕತ್ವ, ಸಮಯ ಎಲ್ಲ ಹಾಗೇ ಉಳಿಯಬೇಕು, ‘ಆರ್‌ಸಿಂಕ್ -ಎ’ ಸಾಕು. ‘ಡವ್ಅಡ್ಮ್’ಗೆ ‘-ಒ’ ಕೊಟ್ಟು ಮೇಲ್ ಪಾತ್ ಬದಲಿಸಿದರೆ ಪರೀಕ್ಷೆಯನ್ನೆಲ್ಲ ಆ ಪ್ರತಿಯ ಮೇಲೇ ಮಾಡಬಹುದು. ಅಸಲಿಗೆ ಕೈ ಹಚ್ಚುವ ಅಗತ್ಯವೇ ಇಲ್ಲ.

ಆಮೇಲೆ ‘ಡವ್ಅಡ್ಮ್ ಫೆಚ್’ ಬಳಸಿ ಇನ್‌ಬಾಕ್ಸ್‌ನ ಮೇಲ್ ಓದಿಸಿ. ವಿಷಯದ ಸಾಲಷ್ಟೇ ಕೇಳಿದರೆ ಅದು ಕ್ಯಾಶ್‌ನಿಂದ, ಅಂದರೆ ಡವ್‌ಕಾಟ್ ಮೊದಲೇ ತೆಗೆದಿಟ್ಟುಕೊಂಡದ್ದರಿಂದ ಬರಬಹುದು. ಪೂರ್ತಿ ಪಠ್ಯ ಕೇಳಿ, ಆಗ ಫೈಲನ್ನು ತೆರೆದು ಓದಲೇಬೇಕಾಗುತ್ತದೆ. ಯುಐಡಿ, ಅಂದರೆ ಪ್ರತಿ ಮೇಲ್‌ನ ಸಂಖ್ಯೆ, 1ರಿಂದ 20000 ಇದೆ ಅಂದುಕೊಳ್ಳಿ. ಮೊದಲ 10000 ಓದಿಸಿ. ಬೀಳಲಿಲ್ಲ ಅಂದರೆ ಉಳಿದರ್ಧ. ಬಿದ್ದ ಅರ್ಧವನ್ನು ಮತ್ತೆ ಅರ್ಧ ಮಾಡಿ. ಹದಿನೈದು ಸಲದೊಳಗೆ ಒಂದೇ ಮೇಲ್‌ಗೆ ಬಂದು ನಿಲ್ಲುತ್ತೀರಿ. ಆ ಫೈಲನ್ನು ಪ್ರತಿಯ ಹೊರಗೆ ಸರಿಸಿ ಮತ್ತೆ ಪೂರ್ತಿ ಓದಿಸಿ. ಈಗ ಬೀಳದಿದ್ದರೆ ಕಾರಣ ಸಿಕ್ಕಿತು. ಆ ಮೇಲನ್ನು ಎಸೆಯಬೇಡಿ, ಅದೇ ಸಾಕ್ಷಿ.

ಯಾವ ಭಾಗ ಕೇಳಿದರೂ, ಒಂದೇ ಮೇಲ್ ಕೇಳಿದರೂ ಬಿದ್ದರೆ ಮೇಲ್ ಸರಿಯಿದೆ, ಡವ್‌ಕಾಟ್ ಮೇಲ್‌ಗಳ ಪಟ್ಟಿ ಇಟ್ಟುಕೊಳ್ಳುವ ಇಂಡೆಕ್ಸ್ ಕೆಟ್ಟಿದೆ. ಆಗ ‘ಡವ್ಅಡ್ಮ್ ಫೋರ್ಸ್-ರೀಸಿಂಕ್’ ಓಡಿಸಿ. ಅದೂ ಬಿದ್ದರೆ ಕ್ಯಾಶ್ ಫೈಲ್ ಒಂದನ್ನೇ ಪಕ್ಕಕ್ಕೆ ಸರಿಸಿ ನೋಡಿ. ಹೆಸರಿನ ಕೊನೆಯಲ್ಲಿ ‘ಇಂಡೆಕ್ಸ್ ಡಾಟ್ ಕ್ಯಾಶ್’ ಎಂದಿರುವ ಫೈಲ್ ಅದು. ಯಾವ ಫಾರ್ಮ್ಯಾಟ್ ಆದರೂ ಅದನ್ನು ಡವ್‌ಕಾಟ್ ಮತ್ತೆ ಕಟ್ಟಿಕೊಳ್ಳುತ್ತದೆ.

ಅದಕ್ಕಿಂತ ಮುಂದೆ ಹೋಗುವ ಮುಂಚೆ ನಿಮ್ಮದು ಯಾವ ಫಾರ್ಮ್ಯಾಟ್ ಎಂದು ತಿಳಿದುಕೊಳ್ಳಿ. ಮೇಲ್‌ಡಿರ್ (ಒಂದು ಮೇಲ್‌ಗೆ ಒಂದು ಫೈಲ್) ಆದರೆ ಓದಿದ್ದು, ಉತ್ತರ ಕೊಟ್ಟದ್ದು ಎಲ್ಲ ಫೈಲಿನ ಹೆಸರಲ್ಲೇ ಇದೆ. ಹೆಸರಿನ ಕೊನೆಯಲ್ಲಿ ಕೋಲನ್, 2, ಕಾಮಾ ಆದ ಮೇಲೆ ಎಸ್ ಇದ್ದರೆ ಓದಿದ್ದು, ಆರ್ ಇದ್ದರೆ ಉತ್ತರಿಸಿದ್ದು, ಎಫ್ ಇದ್ದರೆ ಗುರುತು ಹಾಕಿದ್ದು. ಹಾಗಾಗಿ ಇಂಡೆಕ್ಸ್ ಫೈಲ್‌ಗಳನ್ನು ಸರಿಸಿದರೂ ಮತ್ತೆ ಹುಟ್ಟುತ್ತವೆ. ಆದರೆ ಅಲ್ಲೇ ಇರುವ ‘ಡವ್‌ಕಾಟ್-ಯುಐಡಿಲಿಸ್ಟ್’, ‘ಡವ್‌ಕಾಟ್-ಕೀವರ್ಡ್ಸ್’ ಮುಟ್ಟಬೇಡಿ. ಯುಐಡಿಲಿಸ್ಟ್ ಹೋದರೆ ಪ್ರತಿ ಫೋನೂ ಪ್ರತಿ ಲ್ಯಾಪ್‌ಟಾಪೂ ಎಲ್ಲ ಮೇಲನ್ನು ಮೊದಲಿಂದ ಇಳಿಸಿಕೊಳ್ಳುತ್ತವೆ. ಕೀವರ್ಡ್ಸ್ ಹೋದರೆ ಜನ ಹಾಕಿದ ಲೇಬಲ್‌ಗಳಿಗೆ ಹೆಸರೇ ಇರುವುದಿಲ್ಲ.

ಡವ್‌ಕಾಟ್‌ನದೇ ಫಾರ್ಮ್ಯಾಟ್‌ಗಳಾದ ಎಸ್‌ಡಿಬಾಕ್ಸ್, ಎಂಡಿಬಾಕ್ಸ್ ಆದರೆ ನಿಯಮವೇ ಬೇರೆ. ಅಲ್ಲಿ ಓದಿದ್ದು, ಓದದ್ದು ಎಂಬ ಮಾಹಿತಿ ಇಂಡೆಕ್ಸ್‌ನಲ್ಲೇ ಇರುತ್ತದೆ. ಎಂಡಿಬಾಕ್ಸ್‌ನಲ್ಲಿ ಯಾವ ಮೇಲ್ ಯಾವ ಫೋಲ್ಡರ್‌ನದ್ದು ಎಂಬುದೂ ಅದನ್ನೇ ಆಧರಿಸಿದೆ. ‘ಇಂಡೆಕ್ಸ್ ಅಳಿಸಿ, ಸರಿಹೋಗುತ್ತೆ’ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದು ಮೇಲ್‌ಡಿರ್ ಇಟ್ಟುಕೊಂಡವರು ಹೇಳಿದ ಮಾತು. ಎಂಡಿಬಾಕ್ಸ್‌ನಲ್ಲಿ ಹಾಗೆ ಮಾಡಿದರೆ ವರ್ಷಗಳ ಜೋಡಣೆ ಹೋಗುತ್ತದೆ, ಬ್ಯಾಕಪ್ ಇಲ್ಲದೆ ವಾಪಸ್ ಬರುವುದಿಲ್ಲ.

ಕನ್ನಡದಲ್ಲಿ ಫೋಲ್ಡರ್ ಹೆಸರಿಟ್ಟುಕೊಂಡವರ ಮೇಲ್‌ಡಿರ್ ತೆರೆದರೆ ಚುಕ್ಕೆ, & ಗುರುತು, ಅರ್ಥವಿಲ್ಲದ ಅಕ್ಷರಗಳು, ಕೊನೆಗೊಂದು ಅಡ್ಡಗೆರೆ ಇರುವ ಫೋಲ್ಡರ್‌ಗಳು ಕಾಣುತ್ತವೆ. ಅದು ಕೆಟ್ಟದ್ದಲ್ಲ. ‘ರಸೀದಿ’, ‘ಮನೆ’ ಎಂಬಂಥ ಹೆಸರನ್ನು ಡವ್‌ಕಾಟ್ ಐಮ್ಯಾಪ್‌ನ ಪದ್ಧತಿಯಂತೆ ಡಿಸ್ಕ್ ಮೇಲೆ ಹಾಗೆ ಬರೆದಿರುತ್ತದೆ. ಕಸ ಅಂದುಕೊಂಡು ಹೆಸರು ಬದಲಿಸಿದರೆ ಬಳಕೆದಾರರಿಗೆ ಆ ಫೋಲ್ಡರೇ ಮಾಯ.

ಮೆಮೊರಿ

ಎರರ್ 83ರ ಸಾಲು ತಾನೇ ‘ವಿಎಸ್‌ಝಡ್ ಲಿಮಿಟ್ ಹೆಚ್ಚಿಸಬೇಕಾಗಬಹುದು’ ಎಂದು ಹೇಳುತ್ತದೆ. 2.3ರಲ್ಲಿ ಈ ಮಿತಿ ಸಾಮಾನ್ಯವಾಗಿ 256 ಎಂಬಿ. ಹಳೆಯ ಕಾನ್ಫಿಗ್‌ನಿಂದ ಆ ಸಾಲನ್ನು ಹಾಗೇ ಹೊಸದಕ್ಕೆ ತಂದಿದ್ದರೆ ಮಿತಿಯೂ ಜೊತೆಗೆ ಬಂದಿರುತ್ತದೆ. ‘ಸರ್ವರ್‌ನಲ್ಲಿ 8 ಜಿಬಿ ಖಾಲಿ ಇದೆ, ಮೆಮೊರಿ ಹೇಗೆ ಮುಗಿಯುತ್ತೆ?’ ಎಂದು ಕೇಳುತ್ತಾರೆ. ಈ ಮಿತಿ ರ್ಯಾಮ್‌ನದ್ದಲ್ಲ, ಪ್ರಾಸೆಸ್‌ನ ವಿಳಾಸ ಜಾಗದ್ದು. ದೊಡ್ಡ ಕ್ಯಾಶ್ ಫೈಲನ್ನು ಮ್ಯಾಪ್ ಮಾಡಿಕೊಂಡರೆ ಅದೂ ಲೆಕ್ಕಕ್ಕೆ ಬರುತ್ತದೆ. 300 ಎಂಬಿ ಕ್ಯಾಶ್ ಇರುವ ಇನ್‌ಬಾಕ್ಸ್ 256 ಎಂಬಿ ಮಿತಿಯೊಳಗೆ ತೆರೆಯುವುದಾದರೂ ಹೇಗೆ?

ಹುಡುಕಾಟದ ಪ್ಲಗಿನ್ ಬದಲಿಸಿದ್ದರೆ ಹಳೆಯ ಮೇಲ್ ಎಲ್ಲವನ್ನೂ ಮತ್ತೆ ಇಂಡೆಕ್ಸ್ ಮಾಡಬೇಕು. ಆಗ ಮೊದಲು ಬೀಳುವುದು ಇಂಡೆಕ್ಸರ್ ವರ್ಕರ್. ಅದಕ್ಕೆ ಬೇರೆಯಾಗಿ ಮಿತಿ ಹೆಚ್ಚಿಸಿ. ಸಿಗ್ನಲ್ 9 ಆದರೆ ಮಾತ್ರ ಮಿತಿ ಹೆಚ್ಚಿಸಬೇಡಿ, ಅದರಿಂದ ಇನ್ನೂ ಕೆಡುತ್ತದೆ. ಅಲ್ಲಿ ನಿಜವಾದ ರ್ಯಾಮೇ ಸಾಲುತ್ತಿಲ್ಲ. ಕರ್ನಲ್ ಲಾಗ್‌ನಲ್ಲಿ ‘ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರಾಸೆಸ್’ ಸಾಲು ಹುಡುಕಿ.

ಸಿಗ್ನಲ್ 11 ಮತ್ತು ಕೋರ್ ಡಂಪ್

ಮೊದಲು ‘ಡಿಮೆಸೇಜ್’ ಕೊಟ್ಟು ಕರ್ನಲ್ ಲಾಗ್ ನೋಡಿ. ಸೆಗ್‌ಫಾಲ್ಟ್ ಸಾಲಿನ ಕೊನೆಯಲ್ಲಿ ಯಾವ ಲೈಬ್ರರಿಯೊಳಗೆ ಬಿತ್ತು ಎಂಬ ಹೆಸರಿದೆ. ಅದು ಪ್ಲಗಿನ್ ಹೆಸರಾಗಿದ್ದರೆ ಆ ಪ್ಲಗಿನ್ ತೆಗೆದು ನೋಡಿ. ಡವ್‌ಕಾಟ್‌ನದೇ ಸ್ಟೋರೇಜ್ ಲೈಬ್ರರಿ ಆಗಿದ್ದರೆ ಕೋರ್ ಡಂಪ್, ಅಂದರೆ ಬಿದ್ದ ಕ್ಷಣದ ಮೆಮೊರಿಯ ಪ್ರತಿ ಬೇಕು. ‘ಸಿಸ್ಟಮ್‌ಡಿ-ಕೋರ್‌ಡಂಪ್’ ಪ್ಯಾಕೇಜ್ ಹಾಕಿಕೊಂಡು, ಕರ್ನಲ್‌ನ ‘ಎಸ್‌ಯುಐಡಿ ಡಂಪಬಲ್’ ಅನ್ನು 2 ಮಾಡಿ. ಇಲ್ಲದಿದ್ದರೆ ರೂಟ್‌ನಿಂದ ಬೇರೆ ಬಳಕೆದಾರನಾಗಿ ಇಳಿದ ಪ್ರಾಸೆಸ್ ಡಂಪ್ ಬಿಡುವುದಿಲ್ಲ. ಡಿಬಗ್ ಸಿಂಬಲ್ ಪ್ಯಾಕೇಜ್ ಹಾಕಿ ಜಿಡಿಬಿಯಲ್ಲಿ ‘ಬಿಟಿ ಫುಲ್’ ಕೊಟ್ಟರೆ ಬಿದ್ದ ದಾರಿ ಪೂರ್ತಿ ಕಾಣುತ್ತದೆ. ಇದನ್ನು ‘ಡವ್‌ಕಾನ್ಫ್ -ಎನ್’ ಜೊತೆ ಡವ್‌ಕಾಟ್ ತಂಡಕ್ಕೋ ಡೆಬಿಯನ್‌ಗೋ ಕಳಿಸಿದರೆ ಅವರಿಗೆ ಕೆಲಸ ಮಾಡಲು ಏನಾದರೂ ಸಿಗುತ್ತದೆ. ಬರೀ ‘ಕ್ರ್ಯಾಶ್ ಆಗ್ತಿದೆ’ ಎಂದರೆ ಯಾರೂ ಏನೂ ಮಾಡಲಾರರು.

ಕಳಿಸುವ ಮುಂಚೆ ಪೂರ್ತಿ ಓದಿ. ಡಂಪ್‌ನಲ್ಲಿ ಆ ಕ್ಷಣ ತೆರೆದಿದ್ದ ಮೇಲ್ ಇರುತ್ತದೆ, ಪಾಸ್‌ವರ್ಡೂ ಇರಬಹುದು. ಡಂಪ್ ಫೈಲನ್ನೇ ಯಾರಿಗೂ ಕೊಡಬೇಡಿ, ಅದರಿಂದ ತೆಗೆದ ಪಠ್ಯವಷ್ಟೇ ಕೊಡಿ. ಕ್ರ್ಯಾಶ್ ತಂದ ಮೇಲನ್ನು ಕಳಿಸಬೇಕಾದರೆ ಅದರ ಒಡೆಯರನ್ನು ಕೇಳಿ.

ಹಿಂದಕ್ಕೆ ಹೋಗುವುದಾದರೆ

ಡೆಬಿಯನ್‌ನಲ್ಲಿ 13ರಿಂದ 12ಕ್ಕೆ ಇಳಿಯುವ ದಾರಿ ಇಲ್ಲ. ಉಳಿದಿರುವುದು ಸ್ನ್ಯಾಪ್‌ಶಾಟ್. ಏರಿಸುವ ಮುಂಚೆ ತೆಗೆದ ಸ್ನ್ಯಾಪ್‌ಶಾಟ್‌ಗೆ ಸುಮ್ನೆ ಮರಳಿದರೆ ಆಮೇಲೆ ಬಂದ ಮೇಲ್ ಎಲ್ಲ ಅಳಿಸಿಹೋಗುತ್ತದೆ. ಆದ್ದರಿಂದ ಎರಡೂ ಸೇವೆ ನಿಲ್ಲಿಸಿ, ಮೇಲ್ ಫೋಲ್ಡರ್ ಮತ್ತು ಪೋಸ್ಟ್‌ಫಿಕ್ಸ್ ಕ್ಯೂ ಎರಡನ್ನೂ ಬೇರೆ ಯಂತ್ರಕ್ಕೆ ಪ್ರತಿ ಮಾಡಿ, ಆಮೇಲೆ ಮರಳಿ. ಮೇಲ್ ಫೋಲ್ಡರ್ ಬೇರೆ ಡಿಸ್ಕ್‌ನಲ್ಲಿ ಇದ್ದವರಿಗೆ ಈ ಕೆಲಸ ಅರ್ಧ ಆಗುತ್ತದೆ. ಹೊಸ ಸರ್ವರ್ ಕಟ್ಟುವವರಿಗೆ ನಾನು ಯಾವಾಗಲೂ ಹಾಗೇ ಕಟ್ಟಿ ಎನ್ನುತ್ತೇನೆ. ಕ್ಯೂ ವಾಪಸ್ ತಂದಾಗ ‘ಪೋಸ್ಟ್‌ಸೂಪರ್ -ಎಸ್’ (ಚಿಕ್ಕ ಎಸ್) ಓಡಿಸಿ. ಫೈಲ್ ಹೆಸರುಗಳು ಡಿಸ್ಕ್‌ನಲ್ಲಿ ಫೈಲಿಗಿರುವ ಐನೋಡ್ ಸಂಖ್ಯೆಗೆ ಹೊಂದುವಂತೆ ಅದು ಸರಿ ಮಾಡಿಕೊಳ್ಳುತ್ತದೆ.

ಎಲ್ಲ ಎದ್ದ ಮೇಲೆ ಒಂದು ಪರೀಕ್ಷಾ ಮೇಲ್ ಹೊರಗಿನಿಂದ ಕಳಿಸಿ. ಅದು ಸರಿಯಾದ ಫೋಲ್ಡರ್‌ಗೆ ಬಿತ್ತೇ, ಸೀವ್ ಫಿಲ್ಟರ್ ಕೆಲಸ ಮಾಡಿತೇ, ಫೋನಿನಿಂದ ಉತ್ತರ ಹೊರಗೆ ಹೋಯಿತೇ ನೋಡಿ. ಆಮೇಲೆ ‘ಪೋಸ್ಟ್‌ಕ್ಯೂ -ಎಫ್’ ಕೊಟ್ಟು ಕಾಯುತ್ತಿರುವ ಮೇಲ್‌ಗಳನ್ನು ಬಿಡಿ. ಬಿಟ್ಟಷ್ಟು ಹೊತ್ತೂ ಲಾಗ್ ಮುಂದೆ ಕೂತಿರಿ. ಮೊದಲ ಗಂಟೆಯಲ್ಲಿ ಒಂದೂ ‘ಪ್ಯಾನಿಕ್’ ಬಾರದಿದ್ದರೆ ಸಾಫ್ಟ್ ಬೌನ್ಸ್ ವಾಪಸ್ ‘ನೋ’ ಮಾಡಿ. ವರದಿ ಕಳಿಸಿ ಮುಗಿದಿದ್ದರೆ ಕೋರ್ ಡಂಪ್‌ಗಳನ್ನೂ, ಪರೀಕ್ಷೆಗೆ ತೆಗೆದ ಮೇಲ್‌ಬಾಕ್ಸ್ ಪ್ರತಿಯನ್ನೂ ಅಳಿಸಿ.